ಕೊಸರಿಲ್ಲದ ಅಳತೆ

ನನ್ನ ಅಜ್ಜಿಯ ಮುಖ ಈಗ ಪೂರ್ತಿಯಾಗಿ ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಅವಳ ಕೈಯಲ್ಲಿರುತ್ತಿದ್ದ ಹಿತ್ತಾಳೆಯ ಪಾವು, ಅದರ ತುಟಿಗೆ ಬಂದು ತೂಗುತ್ತಿದ್ದ ಎಣ್ಣೆಯ ಕೊನೆಯ ಹನಿ, ನಿನ್ನೆ ನೋಡಿದಷ್ಟು ಸ್ಪಷ್ಟವಾಗಿದೆ. ಗಿರಾಕಿಯ ಪಾತ್ರೆಗೆ ಪಾವನ್ನು ಬಗ್ಗಿಸಿ ಆ ಹನಿ ಬೀಳುವ ತನಕ ಅವಳು ಕಾಯುತ್ತಿದ್ದಳು. ಎಷ್ಟೇ ಗದ್ದಲವಿರಲಿ, ಸಾಲು ಬಾಗಿಲಾಚೆ ಹೋಗಿರಲಿ, ಹನಿಗೆ ಅವಸರ ಮಾಡುತ್ತಿರಲಿಲ್ಲ. ಅದು ಬಿದ್ದ ಮೇಲೆ ಪಾವನ್ನು ಮತ್ತೆ ಕೊಪ್ಪರಿಗೆಗೆ ಅದ್ದಿ, ತಳ ಮುಚ್ಚುವಷ್ಟು ಎಣ್ಣೆ ತೆಗೆದು ಇನ್ನೊಮ್ಮೆ ಬಗ್ಗಿಸುತ್ತಿದ್ದಳು. ಅದು ಕೊಸರು. ಕೊಸರು ಹಾಕದ ಅಳತೆ ಕಳ್ಳ ಅಳತೆ ಎಂದು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳಂತೆ.

ಅವಳ ಹೆಸರು ದುಂಡವ್ವ. ನಾವು ಆಯಿ ಎನ್ನುತ್ತಿದ್ದೆವು. ನಮ್ಮದು ಗಾಣದ ಮನೆ. ಊರಿನಲ್ಲಿ ಯಾರ ಮಾತನ್ನಾದರೂ ಕಣ್ಣು ಮುಚ್ಚಿ ನಂಬಬಹುದು ಎಂದು ಹೇಳಬೇಕಾದರೆ "ಅದು ದುಂಡವ್ವನ ಅಳತಿ ಬಿಡಪಾ" ಎನ್ನುತ್ತಿದ್ದರು. ಮಾತು ಬಾರದ ಕೂಸಿನ ಕೈಗೆ ತಂಬಿಗೆ ಕೊಟ್ಟು ಕಳಿಸಿದರೂ ಎಣ್ಣೆ ಸರಿಯಾಗಿ ಮನೆ ಸೇರುತ್ತಿತ್ತು. ನಮ್ಮ ಮನೆಯಿಂದ ಒಯ್ದದ್ದನ್ನು ಯಾರೂ ಮತ್ತೆ ಅಳೆದು ನೋಡುತ್ತಿರಲಿಲ್ಲ. ಹಾಗೆ ನೋಡುವುದು ಅವಳಿಗೆ ಬೈದಂತೆ ಎಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಮಿಲ್ಲಿನ ಎಣ್ಣೆ ಬಂತು. ಹೊಳೆಯುವ ಡಬ್ಬಿಗಳಲ್ಲಿ, ವಾಸನೆಯೇ ಇಲ್ಲದ, ನೀರಿನಂಥ ಎಣ್ಣೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ನಮಗೆ ಹೊಂದುವಂತಿರಲಿಲ್ಲ. ನಾವು ಕಣ್ಣು ತೆರೆದೇ ಕೂತಿದ್ದೆವು, ಎಣ್ಣೆಯೇ ಬರುವುದು ನಿಂತಿತು. ಗಾಣದ ಎತ್ತು ಮುದಿಯಾಗಿ ಸತ್ತಾಗ ಇನ್ನೊಂದನ್ನು ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಆಯಿ ಪಾವನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ಗೂಟಕ್ಕೆ ತೂಗುಹಾಕಿದಳು. ಅಂದಿನಿಂದ ಗಾಣದ ಕಲ್ಲಿಗೆ ಬೆನ್ನು ಕೊಟ್ಟು ಕೂತು ದಿನ ಕಳೆಯತೊಡಗಿದಳು. ಕೇಳಿದ್ದಕ್ಕೆ ಹೂಂ, ಊಹೂಂ. ಬಡಿಸಿದ್ದರಲ್ಲಿ ಅರ್ಧ ಹಾಗೆಯೇ. ಜಗಳ ಮಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಆ ಮೌನವನ್ನು ಹೊತ್ತುಕೊಂಡು ಓಡಾಡುವುದು ನಮ್ಮ ಪಾಲಿಗೆ ಬಂತು.

ಮನೆಯಲ್ಲಿ ಇದ್ದವರು ನಾವು ನಾಲ್ವರು. ಆಯಿ, ನನ್ನ ಅವ್ವ, ನಾನು ಮತ್ತು ಗುರುಪಾದ ಕಾಕಾ. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಕಾಕಾ ಅವನ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಗಾಣ ನಿಂತ ಮೇಲೆ ದೂರದ ಊರಿನ ಎಣ್ಣೆ ಮಿಲ್ಲಿನವರು ಕಾಕಾನನ್ನು ಕೆಲಸಕ್ಕೆ ಕರೆದರು. ಹೋದರೆ ಅಲ್ಲಿಯೇ ಮಿಲ್ಲಿನ ಚಾಳಿನ ಕೋಣೆಯಲ್ಲಿ ಇರಬೇಕು. ಆಯಿ ಮಿಲ್ಲಿನ ಊರಿನ ನೀರನ್ನೂ ಮುಟ್ಟುವವಳಲ್ಲ. ಅಂದರೆ ಮನೆ ಎರಡಾಗುವುದು ಖಂಡಿತ. ಅದಕ್ಕೇ ಕಾಕಾ ಒಂದು ಕಾರನ್ನು ತಂದ. ಹಳೆಯದು, ಹುಳಿ ಮಜ್ಜಿಗೆಯ ಬಣ್ಣದ್ದು, ಒಂದು ಬಾಗಿಲನ್ನು ಒಳಗಿನಿಂದಲೇ ತೆಗೆಯಬೇಕು. ಬಾಡಿಗೆಗೆ ಓಡಿಸಿ ಮನೆ ನಡೆಸುತ್ತೇನೆ, ನಡೆಯದಿದ್ದರೆ ಮಿಲ್ಲು ಇದ್ದೇ ಇದೆ ಎಂದ.

ಕಾರನ್ನು ನಿಲ್ಲಿಸಲು ಗಾಣದ ಕೊಟ್ಟಿಗೆಯೊಂದೇ ಜಾಗ. ಎತ್ತು ಸುತ್ತಿ ಸುತ್ತಿ ತಗ್ಗಾಗಿದ್ದ ನೆಲದ ಮೇಲೆ ಅದರ ಚಕ್ರಗಳು ನಿಂತವು.

"ಎತ್ತು ತಿರುಗೂ ಜಾಗಾದಾಗ ಅದನ್ನ್ಯಾಕ ನಿಲ್ಲಿಸಿದಿ?" ಎಂದಳು ಆಯಿ.

"ಮತ್ತೆಲ್ಲಿ ನಿಲ್ಲಿಸಲಿ ಯವ್ವಾ? ನಡುಮನ್ಯಾಗ?" ಎಂದ ಕಾಕಾ.

ಕಾರನ್ನು ಅವಳು ಕಾರು ಎಂದಾಗಲಿ ಗಾಡಿ ಎಂದಾಗಲಿ ಕರೆಯಲಿಲ್ಲ. 'ಅದು' ಎನ್ನುತ್ತಿದ್ದಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಕಾಕಾ ನಗುತ್ತಿದ್ದ.

ಕಾರನ್ನು ನೋಡಲು ದಸ್ತಗೀರ ಮಿಸ್ತ್ರಿ ಬಂದ. ಅವನ ಅಪ್ಪನ ಕಾಲದಿಂದಲೂ ಆ ಮನೆಯವರು ನಮ್ಮ ಗಿರಾಕಿಗಳು. ಬಾನೆಟ್ ಎತ್ತಿ ಬಹಳ ಹೊತ್ತು ತಲೆ ಒಳಗಿಟ್ಟುಕೊಂಡು ನೋಡಿ ಹೊರಬಂದು, "ಎಂಜಿನ್ ಗಟ್ಟಿ ಐತಿ ಗುರುಪಾದಣ್ಣ. ಒಳಗಿನ ಎಣ್ಣಿ ಮಾತ್ರ ಸತ್ತು ಹೋಗೇತಿ. ಎಲ್ಲಾ ಇಳಿಸಿ ಹೊಸಾದು ಹಾಕಬೇಕು. ಸರಿ ಎಣ್ಣಿ ಬಿತ್ತು ಅಂದರ ಇದು ನಿನ್ನ ಮದುವಿ ಮೆರವಣಿಗಿಗೂ ಬರತೈತಿ. ತಪ್ಪು ಎಣ್ಣಿ ಬಿತ್ತೋ, ನಿನ್ನ ಕಥಿ ಮುಗೀತು," ಎಂದ.

ಕಲ್ಲಿನ ಹತ್ತಿರದಿಂದ ದನಿ ಬಂತು. "ಅದಕ್ಕ ಎಣ್ಣಿ ಬೇಕಾ?"

ನಾವೆಲ್ಲ ತಿರುಗಿ ನೋಡಿದೆವು. ಆಯಿ ತಾನಾಗಿಯೇ ಒಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ.

"ಬೇಕ ಆಯಿ. ಇದು ನಿಂತಿರೂದ ಎಣ್ಣಿ ಮ್ಯಾಲ," ಎಂದ ದಸ್ತಗೀರ.

"ಎಂಥಾದ್ದು?"

"ತೀರ ತೆಳು ಆಗಬಾರದು. ಕಾದಾಗ ನೀರಾಗಿ, ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ. ತೀರ ದಪ್ಪ ಆದರ ಮುಂಜಾನೆ ಥಂಡಿಯೊಳಗ ಗಾಡಿ ಏಳೂದಿಲ್ಲ. ಎರಡರ ನಡುವಿಂದು, ನಮ್ಮ ಬಂಕಿನಾಗ ಸಿಗತೈತಲ್ಲ, ಅದ ಸಾಕು."

ಆಯಿ ಮೊಳಕಾಲಿಗೆ ಕೈಯೂರಿ ಎದ್ದಳು. ಕಾರಿನ ಸುತ್ತ ಒಂದು ಸುತ್ತು ಬಂದು, ತೆರೆದ ಬಾನೆಟ್ಟಿನೊಳಗೆ ಇಣುಕಿ, ಬೆರಳಿಗೆ ಸ್ವಲ್ಪ ಕಪ್ಪು ಎಣ್ಣೆ ತಾಗಿಸಿಕೊಂಡು ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿದಳು. "ಮುಗ್ಗಿದ ಎಣ್ಣಿ," ಎಂದಳು. ಒಳಗೆ ಹೋಗಿ ಗೂಟದಿಂದ ಪಾವನ್ನು ಇಳಿಸಿದಳು. ಅವ್ವ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಕಾರಿಗೆ ಎಣ್ಣೆ ಹಾಕುವ ಸುದ್ದಿ ಓಣಿಯಲ್ಲಿ ಹರಡಿದ್ದೇ ತಡ, ತಲೆಗೊಂದು ಎಣ್ಣೆ ಹುಟ್ಟಿಕೊಂಡಿತು. ಬಸ್ಸಿನ ಡ್ರೈವರ್ ಒಬ್ಬ ದಪ್ಪ ಎಣ್ಣೆಯೇ ಗಂಡಸು ಎಣ್ಣೆ ಎಂದ. ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರಿಗೆ ಹಾಕುವುದನ್ನೇ ಹಾಕು ಎಂದರು. ಪಟ್ಟಣ ಕಂಡು ಬಂದವನೊಬ್ಬ, ಡಬ್ಬಿ ಎಷ್ಟು ಚೆಂದವಿದೆಯೋ ಎಣ್ಣೆ ಅಷ್ಟು ಚಲೋ ಎಂದು ಹೇಳಿ ಹೋದ. ಕಾರಿನಲ್ಲಿ ಒಮ್ಮೆಯೂ ಕೂರದ ಸಿಂಪಿಗ ಹೊಲಿಗೆ ಮಶೀನಿನ ಎಣ್ಣೆಗಿಂತ ಮೇಲಾದದ್ದು ಜಗತ್ತಿನಲ್ಲಿಲ್ಲ ಎಂದು ಆಣೆ ಮಾಡಿದ. ಕಾಕಾ ಎಲ್ಲರಿಗೂ ತಲೆಯಾಡಿಸಿ, ದಸ್ತಗೀರ ಹೇಳಿದ್ದನ್ನೇ ಬಂಕಿನಿಂದ ಡಬ್ಬಿಯಲ್ಲಿ ತಂದ. ಡಬ್ಬಿಯಿಂದಲೇ ಸುರಿಯಲು ಹೊರಟವನನ್ನು ಆಯಿ ತಡೆದಳು.

"ನಮ್ಮ ಮನ್ಯಾಗ ಪಾವಿನಾಗ ಬೀಳದ ಎಣ್ಣಿ ಯಾವ ಪಾತ್ರಿಗೂ ಬಿದ್ದಿಲ್ಲ. ಎಷ್ಟು ಹಿಡಿಸತೈತಿ ಕೇಳಿಯೇನು?"

ದಸ್ತಗೀರ ಲೆಕ್ಕ ಹಾಕಿ ಹದಿನಾರು ಪಾವು ಎಂದಿದ್ದ. ಡಬ್ಬಿಯನ್ನು ಹಳೆಯ ಕೊಪ್ಪರಿಗೆಗೆ ಸುರಿದದ್ದಾಯಿತು. ಎಂಜಿನ್ನಿನ ಬಾಯಿಗೆ ಲಾಳಿಕೆ ಇಟ್ಟು, ಆಯಿ ಸೆರಗು ಸಿಕ್ಕಿಸಿ ಅಳೆಯಲು ನಿಂತಳು. ಕಾಕಾ ಹಳೆಯ ರಾಗದಲ್ಲಿ ಎಣಿಸಿದ: "ಲಾಭಾ... ಎರಡಾ... ಮೂರಾ..." ಒಂದು ಎನ್ನುವ ಬದಲು ಲಾಭ ಎಂದು ಎಣಿಸುವುದು ನಮ್ಮಲ್ಲಿ ರೂಢಿ. ಗಾಣ ನಿಂತ ಮೇಲೆ ಆ ಕೊಟ್ಟಿಗೆಯಲ್ಲಿ ಲಾಭ ಎಂಬ ಮಾತೇ ಕೇಳಿರಲಿಲ್ಲ. ಆಯಿಯ ಮುಖ ಹಬ್ಬದ ದಿನದ್ದಾಗಿತ್ತು.

ಅಳತೆ ಮುಗಿಯುವ ಹೊತ್ತಿಗೆ ಬಂದ ದಸ್ತಗೀರ ಅಭ್ಯಾಸದಂತೆ ಎಂಜಿನ್ನಿನ ಪಕ್ಕದಿಂದ ಕಡ್ಡಿ ಎಳೆಯಲು ಕೈ ಹಾಕಿದ. ಒಳಗೆ ಎಣ್ಣೆ ಎಷ್ಟಿದೆ ಎಂದು ನೋಡುವ ಕಡ್ಡಿ ಅದು.

"ಏನ ನೋಡ್ತೀಯೋ?" ಎಂದಳು ಆಯಿ.

"ಅಳತಿ ಆಯಿ, ಎಣ್ಣಿ ಸರಿ ಬಂದೈತೋ ಇಲ್ಲೋ ಅಂತ..."

"ನಿಮ್ಮಪ್ಪ ನಮ್ಮ ಮನಿ ಎಣ್ಣಿ ತಿಂದು ದೊಡ್ಡವ ಆದ. ನೀ ಆದಿ. ಎಂದಾರ ಕಡಿಮಿ ಬಿದ್ದಿತ್ತೇನು?"

ದಸ್ತಗೀರ ಕಡ್ಡಿಯನ್ನು ಮೊದಲಿದ್ದಲ್ಲಿಗೆ ಒತ್ತಿ, ಎರಡೂ ಕಿವಿ ಹಿಡಿದುಕೊಂಡ. ದುಂಡವ್ವನ ಅಳತೆಗೆ ಕಡ್ಡಿ ಹಾಕಿದ ಎಂಬ ಮಾತು ಅವನಿಗೆ ಬೇಡವಾಗಿತ್ತು.

ಮರುದಿನದಿಂದ ಕಾರು ಹೊಗೆ ಉಗುಳತೊಡಗಿತು. ನೀಲಿಬಿಳಿ ಹೊಗೆ, ಮುಂದೆ ಹೋದ ಕಾರನ್ನು ಹಿಂದೆ ಬರುವವರು ಕಾಣದಷ್ಟು. ಏರು ಬಂದರೆ ಉಬ್ಬಸ ಹಿಡಿದ ಮುದುಕನಂತೆ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಕೆಳಗೆ ಎಣ್ಣೆಯ ಕಲೆ. "ಓಣಿಯೊಳಗ ಒಂದು ಸೊಳ್ಳಿ ಉಳಿದಿಲ್ಲ ನೋಡು ಗುರುಪಾದ, ಪುಣ್ಯದ ಕೆಲಸ ಮಾಡಿದಿ," ಎಂದು ಜನ ನಕ್ಕರು. ಬಾಡಿಗೆಗೆ ಬಂದವರು ಮೂಗಿಗೆ ಸೆರಗು ಹಿಡಿದು ಅರ್ಧ ದಾರಿಯಲ್ಲೇ ಇಳಿದರು.

ನಮ್ಮ ಆಸೆಯೆಲ್ಲ ನಿಂತಿದ್ದದ್ದು ಹೆರಿಗೆ ಮನೆ ನಡೆಸುತ್ತಿದ್ದ ಎಸ್ತರ್ ಬಾಯಿಯ ಮೇಲೆ. ಸುತ್ತಲಿನ ಹಳ್ಳಿಗಳಿಂದ ಬಸುರಿಯರನ್ನು ಕರೆತರಲು ಅವರಿಗೆ ಕಾಯಂ ಗಾಡಿಯೊಂದು ಬೇಕಾಗಿತ್ತು. ಆ ಕೆಲಸ ಸಿಕ್ಕರೆ ಕಾಕಾ ಊರು ಬಿಡಬೇಕಾಗಿರಲಿಲ್ಲ. ಅವರು ಬಂದು ನೋಡಿ, "ಗುರುಪಾದ, ನಿನ್ನ ನಡತಿ ಚಲೋ ಐತಿ, ನಿನ್ನ ಗಾಡಿ ನಡತಿ ಸರಿ ಇಲ್ಲ," ಎಂದರು. "ಈ ಹೊಗಿಯೊಳಗ ನಾನು ಬ್ಯಾನಿ ತಿನ್ನೂ ಹೆಣಮಕ್ಕಳನ್ನ ಕುಂದರಸೂದಿಲ್ಲ. ಹುಣ್ಣಿಮಿ ಒಳಗ ಸರಿ ಮಾಡು. ಇಲ್ಲಾಂದರ ಬ್ಯಾರೆಯವರನ್ನ ನೋಡತೀನಿ."

ಎಣ್ಣೆಯೇ ತಪ್ಪು ಎಂದು ಎಲ್ಲರೂ ತೀರ್ಮಾನಿಸಿದರು. ತೆಳುವಾಯಿತು, ದಪ್ಪ ಹಾಕು ಎಂದರು. ಕಾಕಾ ಇದ್ದದ್ದನ್ನು ಇಳಿಸಿ ದಪ್ಪ ಎಣ್ಣೆ ತಂದ. ಆಯಿ ಹದಿನಾರು ಪಾವು ಅಳೆದು ಹಾಕಿದಳು. ಹೊಗೆ ನಿಲ್ಲಲಿಲ್ಲ, ಮುಂಜಾನೆ ಎಬ್ಬಿಸುವುದು ಮಾತ್ರ ಇನ್ನೂ ಕಷ್ಟವಾಯಿತು. ಹಾಗಾದರೆ ಚೆಂದದ ಡಬ್ಬಿಯದೇ ಇರಲಿ ಎಂದು ಅದನ್ನೂ ತಂದ. ಆಯಿ ಅದನ್ನೂ ಅಳೆದಳು. ಅದೂ ಹೊಗೆಯಾಯಿತು. ಕಾರು ಕೆಟ್ಟಷ್ಟೂ ಆಯಿ ಚೇತರಿಸಿಕೊಂಡಳು. ಹೊತ್ತಿಗೆ ಸರಿಯಾಗಿ ಊಟ ಮಾಡಿದಳು, ಕಾರಿನ ಕೆಳಗೆ ಕಲೆ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು, ಸಿಂಪಿಗನಿಗೆ ಬೈದು ಕಳಿಸಿದಳು. ಕಾಕಾನ ಮುಖ ದಿನದಿನಕ್ಕೆ ಇಳಿಯುತ್ತಿತ್ತು, ಅವಳದು ಏರುತ್ತಿತ್ತು. ಯಾವುದಕ್ಕೆ ಅಳಬೇಕು ಯಾವುದಕ್ಕೆ ನಗಬೇಕು ಎಂದು ಅವ್ವನಿಗೂ ನನಗೂ ತಿಳಿಯುತ್ತಿರಲಿಲ್ಲ.

ಕಡೆಗೆ ಎಣ್ಣೆ ಆರಿಸುವ ಕೆಲಸವನ್ನು ಆಯಿ ತಾನೇ ವಹಿಸಿಕೊಂಡಳು. ಮೂರು ಬಟ್ಟಲುಗಳಲ್ಲಿ ಮೂರು ಎಣ್ಣೆ ಹಾಕಿ ಮಾಳಿಗೆಯ ಮೇಲೆ ಇಬ್ಬನಿಯಲ್ಲಿ ಇಟ್ಟಳು. ಬೆಳಿಗ್ಗೆ ಒಂದೊಂದರಲ್ಲೂ ಬೆರಳದ್ದಿ ಎಷ್ಟು ಬೇಗ ಹರಿಯುತ್ತದೆ ಎಂದು ನೋಡಿದಳು. ಆಮೇಲೆ ಸೌಟಿನಲ್ಲಿ ಕಾಯಿಸಿ ಅಂಗೈ ಮೇಲೆ ಬಿಟ್ಟುಕೊಂಡಳು. ಅಡುಗೆಮನೆ ಎರಡು ದಿನ ನಾರಿತು, ಅವ್ವ ರೊಟ್ಟಿಯನ್ನು ಹಿತ್ತಲಲ್ಲಿ ಬಡಿದಳು. ಎಲ್ಲ ಆದ ಮೇಲೆ ಆಯಿ ನಡುವಿನ ಬಟ್ಟಲನ್ನು ಎತ್ತಿ ಹಿಡಿದು, "ಇದು. ಥಂಡಿಗೆ ಹೆಪ್ಪಾಗೂದಿಲ್ಲ, ಕಾದರ ನೀರಾಗೂದಿಲ್ಲ," ಎಂದಳು.

"ಇದನ್ನ ನಾನು ಮೊದಲನೇ ದಿನ ಹೇಳಿದ್ದು!" ಎಂದ ದಸ್ತಗೀರ.

"ನೀ ಹೇಳಿದಿ. ನಾ ನೋಡಿದೆ," ಎಂದಳು ಆಯಿ.

ಅವಳು ಆರಿಸಿದ್ದನ್ನು ಅವಳೇ ಅಳೆದು ಹಾಕಿದಳು. ಓಣಿಯ ತಿರುವು ದಾಟುವುದರೊಳಗೆ ಹೊಗೆ ಎದ್ದಿತು.

ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ, ಬಿಚ್ಚಿದರೂ ಏನು ಸಿಗುತ್ತದೋ ಹೇಳಲಾರೆ ಎಂದುಬಿಟ್ಟ ದಸ್ತಗೀರ. ಬಿಚ್ಚಿಸುವ ಶಕ್ತಿ ನಮಗಿರಲಿಲ್ಲ. ಅಂದು ಮಧ್ಯಾಹ್ನ ಊಟದ ನಡುವೆ ಕಾಕಾ ತಲೆಯೆತ್ತದೆ ಹೇಳಿದ: "ಮಿಲ್ಲಿಗೆ ಹೇಳಿ ಕಳಿಸೀನಿ. ಹುಣ್ಣಿಮಿ ಮುಗಿಸಿ ಹೋಗತೀನಿ." ಆಯಿ ಕೈ ತೊಳೆದು ಎದ್ದಳು. ಅವಳ ತಟ್ಟೆಯಲ್ಲಿ ಮತ್ತೆ ಅರ್ಧ ಉಳಿದಿತ್ತು.

ಇದನ್ನು ಕೇಳಿ ದಸ್ತಗೀರನಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಬಂದ. "ಎಣ್ಣಿ ಸರಿ ಐತಿ, ಎಂಜಿನ್ ಸರಿ ಐತಿ, ಹೊಗಿ ಯಾಕ ಬರಬೇಕು? ಎಲ್ಲಾ ಇಳಿಸ್ರಿ. ನನ್ನ ಕಣ್ಣ ಮುಂದ ಮತ್ತ ಹಾಕ್ರಿ," ಎಂದ. ಎಣ್ಣೆ ಇಳಿಸಿ, ಸೋಸಿ, ಕೊಪ್ಪರಿಗೆಗೆ ಹಾಕಿದ್ದಾಯಿತು. ಅವನು ಲಾಳಿಕೆಯ ಪಕ್ಕದಲ್ಲೇ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತ. ಆಯಿ ಪಾವು ಬಗ್ಗಿಸಿದಳು. ಕೊನೆಯ ಹನಿ ತುಟಿಗೆ ಬಂದು ತೂಗಿ, ಬಿತ್ತು.

"ಲಾಭಾ..." ಎಂದ ಕಾಕಾ. ಆಯಿ ಮತ್ತೆ ಅದ್ದಿ ಬಗ್ಗಿಸಿದಳು.

"ತಡೀರಿ," ಎಂದ ದಸ್ತಗೀರ. "ಆಯಿ, ಅದೇನದು?"

"ಯಾವುದು?"

"ಈಗ ಎರಡನೇ ಸಲ ಬಗ್ಗಿಸಿದಿರಲ್ಲ, ಅದು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನು ಕೇಳುತ್ತಿದ್ದಾನೆ ಎಂದೇ ನಮಗೆ ತಿಳಿಯಲಿಲ್ಲ. ಆಮೇಲೆ ಕಾಕಾ, ಅವ್ವ, ನಾನು, ಮೂವರೂ ಒಟ್ಟಿಗೆ ಹೇಳಿದೆವು: "ಕೊಸರು."

"ಹದಿನಾರು ಪಾವಿಗೂ?"

"ಮತ್ತ? ಒಂದಕ್ಕ ಹಾಕಿ ಒಂದಕ್ಕ ಬಿಡಾಕ ಬರತೈತೇನು?" ಎಂದ ಕಾಕಾ. ಅವನಿಗೆ ಇನ್ನೂ ಹೊಳೆದಿರಲಿಲ್ಲ.

ದಸ್ತಗೀರ ಹಣೆ ಚಚ್ಚಿಕೊಂಡು ನೆಲದ ಮೇಲೆಯೇ ಕುಳಿತ. ಅಷ್ಟು ದಿನ ಅವನು ಎಷ್ಟು ಹಾಕಿದಿರಿ ಎಂದು ಕೇಳುತ್ತಲೇ ಇದ್ದ, ನಾವು ಹದಿನಾರು ಪಾವು ಎನ್ನುತ್ತಲೇ ಇದ್ದೆವು. ಸುಳ್ಳು ಹೇಳಿರಲಿಲ್ಲ. ಗಾಣದ ಮನೆಯಲ್ಲಿ ಕೊಸರು ಲೆಕ್ಕಕ್ಕೆ ಸೇರುವ ವಸ್ತುವಲ್ಲ. ಅದು ಕಣ್ಣೆದುರು ಬಿದ್ದರೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಡಬ್ಬಿ ಪ್ರತಿ ಸಲ ಯಾಕೆ ಅಷ್ಟು ಬೇಗ ಬರಿದಾಗುತ್ತಿತ್ತು ಎಂಬುದು ಆಗ ನಮಗೆ ಅರ್ಥವಾಯಿತು. ಆಯಿಯ ಅಳತೆ ಕಡಿಮೆಯಿರಬಹುದು ಎಂದು ಹೆದರಿ ಕಡ್ಡಿಗೆ ಕೈ ಹಾಕಿದ್ದ ದಸ್ತಗೀರನಿಗೂ ಹೆಚ್ಚಾಗಿರಬಹುದು ಎಂದು ಹೊಳೆದಿರಲಿಲ್ಲ.

"ಒಳಗೊಂದು ದಂಡ ತಿರಗತೈತಿ ಆಯಿ," ಎಂದು ಅವನು ಬಿಡಿಸಿ ಹೇಳಿದ. "ಎಣ್ಣಿ ಅದರ ಕೆಳಗ ಇರಬೇಕು. ಹೆಚ್ಚಾತು ಅಂದರ ಅದು ಮಜ್ಜಿಗಿ ಕಡದಂಗ ಎಣ್ಣೀನ ಕಡದು ನೊರಿ ಎಬ್ಬಸತೈತಿ. ಆ ನೊರಿ ಎಲ್ಲೆಲ್ಲೋ ನುಗ್ಗಿ ಸುಟ್ಟು ಹೊಗಿ ಆಗತೈತಿ. ಎಂಜಿನ್‌ಗೆ ಅಂತ ಕಡ್ಡಿ ಮ್ಯಾಲ ಒಂದು ಗೆರಿ ಹಾಕ್ಯಾರ, ಅದನ್ನ ದಾಟಬಾರದು. ಅತಿ ಆದರ ಅಮೃತಾನೂ ವಿಷ ಅಂತಾರಲ್ಲ, ಹಂಗ."

ಹೇಳುತ್ತ ಹೇಳುತ್ತ ಅವನಿಗೆ ನಗು ಬಂತು. ಕಾಕಾನಿಗೂ ಬಂತು. ಇಷ್ಟು ದಿನಗಳ ಚಿಂತೆ ಒಮ್ಮೆಲೇ ಇಳಿದಿತ್ತು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವ್ವ ನಗಲಿಲ್ಲ. ಅವಳು ಆಯಿಯ ಮುಖವನ್ನೇ ನೋಡುತ್ತಿದ್ದಳು.

"ಹೆಚ್ಚು ಕೊಟ್ಟದ್ದಕ್ಕ ಕೆಟ್ಟದ್ದಾತು ಅನ್ನೂದನ್ನ ನಾ ಎಲ್ಲೂ ಕೇಳಿಲ್ಲ," ಎಂದಳು ಆಯಿ.

"ಕೊಸರೊಂದು ಬಿಟ್ಟು ಹಾಕ್ರಿ ಆಯಿ, ಸಾಕು."

"ಕೊಸರು ಬಿಟ್ಟು ನನ್ನ ಕೈಲೆ ಅಳಿಯಾಕ ಆಗೂದಿಲ್ಲ." ಪಾವನ್ನು ಗಾಣದ ಕಲ್ಲಿನ ಮೇಲಿಟ್ಟು ಅವಳು ಒಳಗೆ ಹೋದಳು. ನಗು ಅಲ್ಲಿಗೆ ನಿಂತಿತು.

ಉಳಿದದ್ದನ್ನು ಕಾಕಾ ಗೆರೆ ನೋಡಿ ತಾನೇ ಹಾಕಿದ. ಕಾರು ಹೊಗೆಯಿಲ್ಲದೆ ಓಣಿ ದಾಟಿತು, ಏರು ಹತ್ತಿತು. ಎಸ್ತರ್ ಬಾಯಿ ಅದರಲ್ಲಿ ಕೂತು ಒಂದು ಹಳ್ಳಿಗೆ ಹೋಗಿ ಬಂದರು, ಕೆಲಸ ಕಾಯಂ ಆಯಿತು. ಬರುವುದಿಲ್ಲ ಎಂದು ಮಿಲ್ಲಿಗೆ ಹೇಳಿ ಕಳಿಸಿದ್ದಾಯಿತು. ಮನೆ ಉಳಿಯಿತು.

ಆಯಿ ಮಾತ್ರ ಕಲ್ಲಿಗೆ ಬೆನ್ನು ಕೊಟ್ಟು ಮತ್ತೆ ಕೂತಳು. ಸಿಟ್ಟಿಲ್ಲ, ದೂರಿಲ್ಲ. ತನ್ನ ಕೈಯೇ ಮಗನನ್ನು ಊರು ಬಿಡಿಸಲಿತ್ತು ಎಂಬುದು ಅವಳನ್ನು ಕೊರೆಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಪುಣ್ಯವೆಂದು ಮಾಡಿಕೊಂಡು ಬಂದದ್ದೇ ತಪ್ಪು ಎಂದರೆ ಮನುಷ್ಯರು ಎಲ್ಲಿಗೆ ಹೋಗಬೇಕು? ಮತ್ತೆ ಗೂಟಕ್ಕೇರಿದ ಪಾವಿಗೆ ಕಿಲುಬು ಹಿಡಿಯಿತು. ಕಾಕಾ ಎದುರು ಕೂತು ಬೇಡಿಕೊಂಡ: "ಒಂದು ತಟಗು ಕೊಸರು ಹಾಕಬೇ ಯವ್ವಾ, ನಾ ಆಮ್ಯಾಲ ಅಷ್ಟ ತಗದುಬಿಡತೀನಿ." ಅವಳು ಆಗದೆಂದು ತಲೆಯಾಡಿಸಿದಳು. "ಕೊಟ್ಟು ಕಸಗೊಳ್ಳೂದು ಕೊಸರಲ್ಲ." ಆ ದಿನಗಳಲ್ಲಿ ನನಗೆ ಕಾರನ್ನು ಕಂಡರೆ ಆಗುತ್ತಿರಲಿಲ್ಲ. ಅದು ಚೆನ್ನಾಗಿ ಓಡಿದಷ್ಟೂ ಮೈ ಉರಿಯುತ್ತಿತ್ತು.

ಎಣ್ಣೆ ಬದಲಿಸುವ ದಿನ ಮತ್ತೆ ಹತ್ತಿರ ಬಂತು. ಒಂದು ಸಂಜೆ ಅವ್ವ ಗೂಟದಿಂದ ಪಾವನ್ನು ತೆಗೆದು, ಹುಣಿಸೆಹಣ್ಣು ಹಚ್ಚಿ ಬೆಳ್ಳಗೆ ತಿಕ್ಕಿ, ಆಯಿಯ ಮುಂದೆ ಇಟ್ಟಳು. ಅವ್ವ ಹೆಚ್ಚು ಮಾತಿನವಳಲ್ಲ. ಅತ್ತೆಯ ಎದುರು ಕೂತು ಮಾತಾಡಿದ್ದನ್ನು ನಾನು ಅಂದೇ ನೋಡಿದ್ದು.

"ಅತ್ತೀ, ಒಂದು ಮಾತು ಕೇಳಲೇನ್ರಿ?"

"ಕೇಳು."

"ನಾ ಲಗ್ನ ಆಗಿ ಬಂದ ಹೊಸದಾಗ ತಲಿಗೆ ಎಣ್ಣಿ ಅಳದು ಕೊಡತಿದ್ರಿ. ಮ್ಯಾಲ ಕೊಸರು ಹಾಕತಿದ್ರಿ. ನೆನಪೈತೇನ್ರಿ?"

"ಮಂದಿ ಮನಿಯಿಂದ ಬಂದಾಕಿ, ಪರಮನಿ ಹುಡುಗಿ. ಹಾಕದ ಏನ ಮಾಡಲಿ?"

"ಒಂದಿನ ಹಾಕಲಿಲ್ಲ. ಪಾವು ಬೋರಲ ಹಾಕಿದ್ರಿ. ನಾ ಹಿತ್ತಲಕ್ಕ ಹೋಗಿ ಅತ್ತುಬಿಟ್ಟೆ."

ಆಯಿ ತಿರುಗಿ ನೋಡಿದಳು. "ಅತ್ತಿದ್ದಿ? ಯಾಕ?"

"ಈ ಮನಿ ನಂದಾತು ಅಂತ." ಅವ್ವ ಪಾವನ್ನು ಆಯಿಯತ್ತ ಇನ್ನಷ್ಟು ಸರಿಸಿದಳು. "ಗಿರಾಕಿಗೆ ಕೊಸರು, ಮನಿಮಂದಿಗೆ ಕೊಸರಿಲ್ಲ. ಇದನ್ನ ನನಗ ಕಲಿಸಿದವರು ನೀವರಿ. ಈ ಗಾಡಿ ನಮಗ ಅನ್ನ ಹಾಕಾಕತ್ತೈತಿ. ಗುರುಪಾದನ್ನ ಮನ್ಯಾಗ ಉಳಿಸೇತಿ. ಇನ್ನೂ ಇದು ಗಿರಾಕಿ ಏನ್ರಿ?"

ಆಯಿ ಪಾವನ್ನು ಕೈಗೆತ್ತಿಕೊಂಡು ಅದರ ಒಳಗನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಮರುದಿನ ಕಾಕಾ ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸುತ್ತಿದ್ದಾಗ ಅವಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೊಟ್ಟಿಗೆಗೆ ಬಂದಳು. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಬಾನೆಟ್ಟಿಗೆ ಎಳೆದಳು. ಎತ್ತಿನ ಹಣೆಗೂ ಹಾಗೆಯೇ ಎಳೆಯುತ್ತಿದ್ದಳು. ಸೆರಗು ಸಿಕ್ಕಿಸಿ ಪಾವು ಅದ್ದಿದಳು. "ಎಣಿಸು," ಎಂದಳು.

"ಲಾಭಾ..." ಎಂದ ಕಾಕಾ. ಹನಿ ತೂಗಿ ಬಿತ್ತು. ಅವಳ ಕೈ ತಾನಾಗಿಯೇ ಕೊಪ್ಪರಿಗೆಯತ್ತ ಹೋಗಿ, ತಳಕ್ಕಷ್ಟು ಎಣ್ಣೆ ತೆಗೆಯಲು ಬಗ್ಗಿ, ಅಲ್ಲೇ ನಿಂತಿತು. ಅವಳು ಪಾವನ್ನು ಪೂರ್ತಿ ತುಂಬಿಕೊಂಡಳು. "ಎರಡಾ..." ಎಂದ ಕಾಕಾ. ಹದಿನಾರಕ್ಕೆ ಬರುವಷ್ಟರಲ್ಲಿ ಕೈ ಪಳಗಿತ್ತು. ಕೊನೆಯ ಹನಿ ಬಿದ್ದ ಮೇಲೆ ಅವಳು ಪಾವನ್ನು ಗಾಣದ ಕಲ್ಲಿನ ಮೇಲೆ ಬೋರಲು ಹಾಕಿ, ಬಾನೆಟ್ಟನ್ನು ಅಂಗೈಯಿಂದ ತಟ್ಟಿದಳು.

"ಹೋಗು. ಹೊಟ್ಟಿ ತುಂಬೇತಿ."

ಕಾಕಾ ಕಡ್ಡಿಯತ್ತ ನೋಡಿ, ಅವಳತ್ತ ನೋಡಿದ. "ಹಾಕಿ ನೋಡೋ, ಏನಾಗೂದಿಲ್ಲ," ಎಂದಳು. ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು. ಅಂದಿನಿಂದ ಸಂಜೆ ಹೊತ್ತಾದರೆ ಹೊಸ್ತಿಲಿಗೆ ಬಂದು "ನಮ್ಮ ಗಾಡಿ ಬಂತೇನು?" ಎಂದು ಕೇಳುವುದು ಅವಳಿಗೆ ರೂಢಿಯಾಯಿತು. ತನ್ನ ವಿಷಯ ಕೇಳುವುದೇ ಇಲ್ಲ ಎಂದು ಕಾಕಾ ಹುಸಿಮುನಿಸು ತೋರುತ್ತಿದ್ದ.

ವರ್ಷಗಳು ಕಳೆದು ನನ್ನ ಮದುವೆಯಾಯಿತು. ಗಂಡನ ಮನೆಗೆ ಹೊರಡುವ ಬೆಳಿಗ್ಗೆ ಆ ಕಾರೇ ಬಾಗಿಲಿಗೆ ಬಂದು ನಿಂತಿತ್ತು. ದಸ್ತಗೀರ ಅದಕ್ಕೆ ಚೆಂಡುಹೂವಿನ ಸರ ಕಟ್ಟಿದ್ದ. ಗಾಣದ ಮನೆಯ ಹೆಣ್ಣು ಹೊರಡುವಾಗ ತಲೆಗೆ ಹಚ್ಚುವ ಎಣ್ಣೆಯನ್ನು ಮನೆಯ ಹಿರಿಯಳು ಕೈಯಾರೆ ಅಳೆದು ಕೊಡಬೇಕು. ಆಯಿ ಎಲ್ಲಿಂದಲೋ ಎಳ್ಳು ತರಿಸಿ, ಬೇರೆ ಊರಿನ ಗಾಣವೊಂದರಲ್ಲಿ ಆಡಿಸಿ ಇಟ್ಟಿದ್ದಳು. ನನ್ನ ಕೈಯಲ್ಲಿ ತಾಮ್ರದ ಗಿಂಡಿ. ಅವಳಿಗೆ ಆಗ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ. ಕಲ್ಲಿಗೆ ಒರಗಿ ನಿಂತು ಪಾವು ತುಂಬಿಕೊಂಡಳು.

"ದುಂಡವ್ವಾ, ಇನ್ನ ಅಕಿ ಪರಮನಿಯಾಕಿ," ಎಂದಳು ಓಣಿಯ ಹೆಂಗಸೊಬ್ಬಳು ಚೇಷ್ಟೆಗೆ. "ಮರೀದ ಕೊಸರು ಹಾಕಬೇಕಾತು ನೋಡು!"

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಹೊತ್ತು ಅಳದೆ ಗಟ್ಟಿಯಾಗಿದ್ದವಳು ಆ ಮಾತು ಕೇಳಿ ಗಿಂಡಿಯನ್ನು ಎದೆಗೆ ಒತ್ತಿ ಹಿಡಿದೆ. ಬಾಗಿಲ ಬಳಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಪಾವನ್ನೇ ನೋಡುತ್ತಿದ್ದಳು. ಕಾಕಾ ಕಾರನ್ನು ಚಾಲೂ ಮಾಡಿದ್ದ. ಅದು ಹೊಗೆಯಿಲ್ಲದೆ ಸಣ್ಣಗೆ ಗುನುಗುತ್ತಿತ್ತು.

ಆಯಿ ಪಾವನ್ನು ನನ್ನ ಗಿಂಡಿಗೆ ಬಗ್ಗಿಸಿದಳು. ಎಣ್ಣೆ ಸಣ್ಣ ಧಾರೆಯಾಗಿ ಇಳಿದು ಮುಗಿಯಿತು. ಕೊನೆಯ ಹನಿ ತುಟಿಗೆ ಬಂದು ತೂಗಿತು. ಅವಳು ಎಂದಿನಂತೆ ಕಾದಳು. ನಾನೂ ಕಾದೆ. ಹನಿ ಬಿತ್ತು.

ಆಯಿ ನನ್ನ ಮುಖ ನೋಡಲಿಲ್ಲ. ಹಿಂದೆ ಕೈ ಚಾಚಿ, ಗಾಣದ ಕಲ್ಲನ್ನು ತಡವಿ, ಪಾವನ್ನು ಅದರ ಮೇಲೆ ಬೋರಲು ಹಾಕಿದಳು.